ಹೆಜ್ಜೆಗಳಿಂದ ಭೂಪಟ ಬರೆದ ಉಪಾಧ್ಯಾಯ: ಪಂಡಿತ ನೈನ್ ಸಿಂಗ್ ರಾವತ್

ಪ್ರೌಢಶಾಲೆಯ ಭೂಗೋಳ ಪಾಠದಲ್ಲಿ ವಿದ್ಯಾರ್ಥಿಯು ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ನದಿಯ ಉಗಮ ಮತ್ತು ಪಾತ್ರ ಎಂಬ ಮಾತುಗಳನ್ನು ಮೊದಮೊದಲಿಗೇ ಕಲಿಯುತ್ತಾನೆ. ಟಿಬೆಟ್ಟಿನ ಲಾಸಾ ನಗರವು ಸುಮಾರು 29 ಡಿಗ್ರಿ 39 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ. ಅದರ ಎತ್ತರ ಸುಮಾರು 3,650 ಮೀಟರು. ಕೈಲಾಸ ಪ್ರಾಂತದಲ್ಲಿ ಹುಟ್ಟುವ ತ್ಸಾಂಗ್ಪೋ ನದಿಯೇ ಅಸ್ಸಾಮಿನ ಬ್ರಹ್ಮಪುತ್ರ. ಇಂಥ ಸಂಗತಿಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುವುದು ಸಾಮಾನ್ಯ ರೂಢಿ. ಆದರೆ ಈ ಒಂದೊಂದು ಅಂಕಿಯನ್ನೂ ಯಾರೋ ಒಬ್ಬರು ಮೊಟ್ಟಮೊದಲಿಗೆ ಅಳೆದು ತಂದಿರಬೇಕಷ್ಟೆ. ಲಾಸಾದ ಸ್ಥಾನವನ್ನೂ ಎತ್ತರವನ್ನೂ ಉಪಕರಣಗಳಿಂದ ಅಳೆದು ಹೊರಜಗತ್ತಿಗೆ ತಿಳಿಸಿದ ಮಹನೀಯರು ರಾಜರೂ ಅಲ್ಲ, ಸೇನಾನಿಗಳೂ ಅಲ್ಲ; ಹಿಮಾಲಯದ ಹಳ್ಳಿಯೊಂದರ ಶಾಲಾ ಉಪಾಧ್ಯಾಯರು. ಅವರೇ ಪಂಡಿತ ನೈನ್ ಸಿಂಗ್ ರಾವತ್.

ನೈನ್ ಸಿಂಗರು 1830ರ ಅಕ್ಟೋಬರ್ 21ರಂದು ಕುಮಾವೂ ಪ್ರಾಂತದ ಜೋಹಾರ್ ಕಣಿವೆಯಲ್ಲಿರುವ ಮಿಲಮ್ ಎಂಬ ಗ್ರಾಮದಲ್ಲಿ ಜನ್ಮವೆತ್ತಿದರು. ಇಂದು ಈ ಗ್ರಾಮ ಉತ್ತರಾಖಂಡ ರಾಜ್ಯದ ಪಿಥೋರಾಗಢ ಜಿಲ್ಲೆಗೆ ಸೇರಿದೆ. ಹಿಮನದಿಯೊಂದರ ಮಗ್ಗುಲಲ್ಲಿ, 11,000 ಅಡಿಗೂ ಮಿಗಿಲಾದ ಎತ್ತರದಲ್ಲಿರುವ ಆ ಊರು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತಿತ್ತು. ಊರವರೆಲ್ಲರೂ ತಗ್ಗಿನ ಕಣಿವೆಗಳಿಗೆ ಇಳಿದು ಬರುತ್ತಿದ್ದರು. ಅಲ್ಲಿನ ಭೋಟಿಯಾ ಜನರ ಜೀವನಾಧಾರವೇ ಟಿಬೆಟ್ಟಿನೊಡನೆ ನಡೆಯುತ್ತಿದ್ದ ವ್ಯಾಪಾರ. ಧಾನ್ಯ ಬಟ್ಟೆಗಳನ್ನು ಕುರಿಗಳ ಬೆನ್ನ ಮೇಲೆ ಹೇರಿಕೊಂಡು ಕಣಿವೆಮಾರ್ಗಗಳನ್ನು ದಾಟಿ, ಅತ್ತಣಿಂದ ಉಪ್ಪು, ಉಣ್ಣೆ, ಬಿಳಿಗಾರಗಳನ್ನು ತರುತ್ತಿದ್ದರು. ತಂದೆ ಅಮರ್ ಸಿಂಗರೊಡನೆ ಬಾಲ್ಯದಲ್ಲಿಯೇ ಟಿಬೆಟ್ಟಿನ ಸಂತೆಗಳನ್ನು ಕಂಡ ನೈನ್ ಸಿಂಗರಿಗೆ ಆ ನಾಡಿನ ಭಾಷೆ, ನಡೆನುಡಿ, ಆಚಾರಗಳು ಸಹಜವಾಗಿಯೇ ಕರಗತವಾದವು. ಮನೆಯಲ್ಲಿದ್ದುದು ಬಡತನ, ಈ ಲೋಕಾನುಭವವೊಂದೇ ಅವರಿಗೆ ದೊರೆತ ಪಿತ್ರಾರ್ಜಿತ ಸಂಪತ್ತು.

1855ರಿಂದ 1857ರವರೆಗೆ ಜರ್ಮನಿಯ ಶ್ಲಾಗಿಂಟ್‌ವೈಟ್ ಸಹೋದರರು ಹಿಮಾಲಯದ ವೈಜ್ಞಾನಿಕ ಅನ್ವೇಷಣೆಯಲ್ಲಿ ತೊಡಗಿದ್ದಾಗ ನೈನ್ ಸಿಂಗರು ಅವರ ಸಂಗಡಿಗರಾಗಿ ಮಾನಸ ಸರೋವರ ಮತ್ತು ಲಡಾಖ್ ಪ್ರದೇಶಗಳಲ್ಲಿ ಸಂಚರಿಸಿದರು. ದಿಕ್ಸೂಚಿ, ಉಷ್ಣಮಾಪಕ ಮೊದಲಾದ ಉಪಕರಣಗಳ ಪರಿಚಯ ಅವರಿಗಾದುದು ಆಗಲೇ. ಆ ಸಹೋದರರಲ್ಲಿ ಒಬ್ಬರಾದ ಅಡಾಲ್ಫ್ 1857ರಲ್ಲಿ ಕಾಶ್ಗರದಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಅಜ್ಞಾತ ಪ್ರದೇಶಗಳಲ್ಲಿ ಅಳತೆಗೆಂದು ಹೊರಟವನ ಪ್ರಾಣಕ್ಕೆ ಎಂಥ ಅಪಾಯವಿದೆಯೆಂಬುದಕ್ಕೆ ಅದೊಂದು ಕಠೋರ ನಿದರ್ಶನ.

ಅನಂತರ 1858ರಿಂದ ಐದು ವರ್ಷಗಳ ಕಾಲ ನೈನ್ ಸಿಂಗರು ಸ್ವಗ್ರಾಮದ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. ಮುಂದೆ ಅವರ ಹೆಸರಿನೊಡನೆ ಸೇರಿಕೊಂಡ ಪಂಡಿತ ಎಂಬ ಮಾತು ಈ ವೃತ್ತಿಯಿಂದಲೇ ಬಂದದ್ದು. ಅವರು ತಮ್ಮ ಇಡೀ ಆಯುಷ್ಯವನ್ನು ಆ ಪುಟ್ಟ ಶಾಲೆಯಲ್ಲಿಯೇ ಕಳೆಯಬಹುದಾಗಿತ್ತು. ಆದರೆ ಅದೇ ಕಾಲದಲ್ಲಿ ಡೆಹರಾಡೂನಿನ ಸರ್ವೇಕ್ಷಣ ಕಚೇರಿಯನ್ನು ಒಂದು ಸಮಸ್ಯೆ ಕಾಡುತ್ತಿತ್ತು.

ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಬೇರುಗಳು ಕನ್ನಡನಾಡಿನಲ್ಲಿಯೂ ಇವೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, 1802ರಲ್ಲಿ ಮದರಾಸಿನಿಂದ ಮುಖ್ಯ ಕಾರ್ಯವನ್ನು ಆರಂಭಿಸಿದನು. ತ್ರಿಕೋನದ ಪಕ್ಕದಲ್ಲಿ ತ್ರಿಕೋನವನ್ನು ಹೆಣೆಯುತ್ತ ಸಾಗಿದ ಆ ಕಾರ್ಯ ಅರ್ಧ ಶತಮಾನದಲ್ಲಿ ಹಿಮಾಲಯದ ಬುಡವನ್ನು ಮುಟ್ಟಿತು. ಬಯಲಿನಲ್ಲಿ ನಿಂತೇ ಎವರೆಸ್ಟ್ ಶಿಖರದ ಎತ್ತರವನ್ನು ಗಣಿಸಲಾಯಿತು. ಆದರೆ ಶಿಖರಗಳ ಆಚೆಗೆ ಭೂಪಟವು ಬರಿದಾಗಿತ್ತು. ಟಿಬೆಟ್ಟಿನ ಬಾಗಿಲು ಪರಕೀಯರಿಗೆ ಮುಚ್ಚಿತ್ತು. ಲಾಸಾ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ತ್ಸಾಂಗ್ಪೋ ಹರಿದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಊಹೆಯೇ ಉತ್ತರವಾಗಿತ್ತು. ಆಂಗ್ಲ ಅಧಿಕಾರಿಗಳು ಹೋಗಲಾಗದಲ್ಲಿಗೆ ಭಾರತೀಯರನ್ನೇ ತರಬೇತಿಗೊಳಿಸಿ ಕಳುಹಿಸುವ ಯೋಜನೆಯನ್ನು ಕ್ಯಾಪ್ಟನ್ ಥಾಮಸ್ ಮಾಂಟ್ಗೊಮರಿ ರೂಪಿಸಿದನು. 1863ರಲ್ಲಿ ಯಾರ್ಕಂದಿಗೆ ಹೊರಟ ಅಬ್ದುಲ್ ಹಮೀದ್ ಎಂಬ ಮುನ್ಷಿ ಹಿಂದಿರುಗುವ ದಾರಿಯಲ್ಲಿಯೇ ಮರಣಹೊಂದಿದರು. ಅದೇ ವರ್ಷ ವಿದ್ಯಾಇಲಾಖೆಯ ಎಡ್ಮಂಡ್ ಸ್ಮಿತ್ ಎಂಬ ಅಧಿಕಾರಿಯ ಶಿಫಾರಸಿನಂತೆ ನೈನ್ ಸಿಂಗರೂ ಅವರ ದಾಯಾದಿ ಸಹೋದರ ಮಾನಿ ಸಿಂಗರೂ ಡೆಹರಾಡೂನನ್ನು ಸೇರಿದರು.

ಅಲ್ಲಿ ದೊರೆತ ಶಿಕ್ಷಣದ ವೈಶಿಷ್ಟ್ಯವನ್ನು ಭೂಗೋಳದ ಅಧ್ಯಾಪಕರು ಅವಶ್ಯವಾಗಿ ಅರಿಯಬೇಕು. ಸರಪಣಿಯನ್ನು ಎಳೆದು ನೆಲವನ್ನು ಅಳೆಯುವುದು ಟಿಬೆಟ್ಟಿನಲ್ಲಿ ಅಸಾಧ್ಯವಾದುದರಿಂದ ಅಳೆಯುವವನ ಕಾಲನ್ನೇ ಅಳತೆಗೋಲಾಗಿ ಮಾಡಲಾಯಿತು. ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಬಯಲಿನಲ್ಲಿಯೂ ಒಂದೇ ಸಮನಾದ ಹೆಜ್ಜೆಯಿಡುವುದನ್ನು ನೈನ್ ಸಿಂಗರು ಅಭ್ಯಾಸ ಮಾಡಿದರು. ಅವರ ಹೆಜ್ಜೆಯ ಉದ್ದ ಸುಮಾರು 31½ ಅಂಗುಲ; ಅಂಥ 2,000 ಹೆಜ್ಜೆಗಳಿಗೆ ಒಂದು ಮೈಲಿ. ಎಣಿಕೆಗೆ ಬೌದ್ಧ ಯಾತ್ರಿಕರ ಜಪಮಾಲೆಯೇ ಸಾಧನ. ಆ ಮಾಲೆಯಲ್ಲಿ ವಾಡಿಕೆಯ 108 ಮಣಿಗಳ ಬದಲು 100 ಮಣಿಗಳನ್ನು ಪೋಣಿಸಲಾಗಿತ್ತು. ನೂರು ಹೆಜ್ಜೆಗೊಂದು ಮಣಿಯನ್ನು ಸರಿಸಿದರೆ ಮಾಲೆಯ ಒಂದು ಸುತ್ತಿಗೆ 10,000 ಹೆಜ್ಜೆ, ಎಂದರೆ ಐದು ಮೈಲಿ. ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಯ ಸ್ಥಳದಲ್ಲಿ ಅಳತೆಯ ಟಿಪ್ಪಣಿಗಳಿದ್ದವು. ಅಪರಿಚಿತರು ಸಮೀಪಿಸಿದರೆ ಚಕ್ರವನ್ನು ತಿರುಗಿಸುತ್ತ ಜಪದಲ್ಲಿ ಮಗ್ನರಾದರೆ ಸಾಕು. ಜಪನಿರತನನ್ನು ಮಾತನಾಡಿಸುವ ಪದ್ಧತಿ ಆ ನಾಡಿನಲ್ಲಿರಲಿಲ್ಲ.

ಎತ್ತರವನ್ನು ತಿಳಿಯಲು ಅವರಿಗೆ ಬೇಕಾದುದು ಉಷ್ಣಮಾಪಕ ಮತ್ತು ಕುದಿಯುವ ನೀರು. ಮೇಲಕ್ಕೆ ಏರಿದಂತೆ ವಾಯುವಿನ ಒತ್ತಡ ಕುಗ್ಗುತ್ತದೆ. ಒತ್ತಡ ಕುಗ್ಗಿದಂತೆ ನೀರು ಕಡಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಸುಮಾರು 300 ಮೀಟರು ಏರಿದರೆ ಕುದಿಬಿಂದು ಒಂದು ಸೆಲ್ಸಿಯಸ್ ಡಿಗ್ರಿಯಷ್ಟು ಇಳಿಯುತ್ತದೆ. ಅಕ್ಷಾಂಶಕ್ಕಾಗಿ ಸೂರ್ಯ ಮತ್ತು ನಕ್ಷತ್ರಗಳ ಉನ್ನತಿಯನ್ನು ಸೆಕ್ಸ್‌ಟಂಟ್ ಎಂಬ ಕೋನಮಾಪಕದಿಂದ ಅಳೆಯುತ್ತಿದ್ದರು. ಪರ್ವತಗಳ ನಡುವೆ ನೇರವಾದ ದಿಗಂತ ಕಾಣದಾದ್ದರಿಂದ, ಕವಡೆಗಳಲ್ಲಿ ತುಂಬಿ ಒಯ್ದ ಪಾದರಸವನ್ನು ಬಟ್ಟಲಿಗೆ ಸುರಿದು, ಅದರ ನಿಶ್ಚಲವಾದ ಮೈಯನ್ನೇ ಕೃತಕ ದಿಗಂತವಾಗಿ ಬಳಸುತ್ತಿದ್ದರು. ಸೆಕ್ಸ್‌ಟಂಟ್ ಪೆಟ್ಟಿಗೆಯ ಗುಪ್ತ ತಳದಲ್ಲಿ ಅಡಗಿರುತ್ತಿತ್ತು. ಇಂದು ಪ್ರಯೋಗಶಾಲೆಯಲ್ಲಿ ತೋರಿಸಬಹುದಾದ ಈ ಸರಳ ತತ್ತ್ವಗಳನ್ನು ಅವರು ಕೊರೆಯುವ ಚಳಿಯಲ್ಲಿ, ಕದ್ದುಮುಚ್ಚಿ, ನಡುಗುವ ಬೆರಳುಗಳಿಂದ ಪ್ರಯೋಗಿಸಬೇಕಾಗಿತ್ತು.

1865ರ ಆರಂಭದಲ್ಲಿ ಸಹೋದರರಿಬ್ಬರೂ ಡೆಹರಾಡೂನಿನಿಂದ ಹೊರಟು ನೇಪಾಳದ ಕಾಠ್ಮಂಡುವನ್ನು ತಲುಪಿದರು. ಕಿರೋಂಗ್ ಗಡಿಯಲ್ಲಿ ಅಧಿಕಾರಿಗಳು ಸಂಶಯಗೊಂಡು ತಡೆದುದರಿಂದ ಹಿಂದಿರುಗಬೇಕಾಯಿತು. ಮಾನಿ ಸಿಂಗರು ಬೇರೆ ದಾರಿ ಹಿಡಿದು ಮರಳಿದರು. ನೈನ್ ಸಿಂಗರು ಎದೆಗುಂದದೆ ವೇಷವನ್ನು ಬದಲಿಸಿ, ಒಬ್ಬಂಟಿಯಾಗಿ ಮತ್ತೆ ಗಡಿಯನ್ನು ದಾಟಿ, ಲಡಾಖಿ ವರ್ತಕರ ತಂಡವನ್ನು ಸೇರಿಕೊಂಡು ತ್ಸಾಂಗ್ಪೋ ನದಿಯ ಜಾಡಿನಲ್ಲಿ ಪೂರ್ವಾಭಿಮುಖವಾಗಿ ನಡೆದರು. ಷಿಗಾತ್ಸೆ ಪಟ್ಟಣದ ತಶಿಲ್ಹುನ್ಪೋ ಮಠದಲ್ಲಿ ಸಂಗಡಿಗರೊಡನೆ ಪಂಚೆನ್ ಲಾಮಾರ ದರ್ಶನಕ್ಕೆ ಹೋಗಲೇಬೇಕಾದ ಪ್ರಸಂಗ ಬಂದಿತು. ಆ ಗುರುಗಳು ಎಲ್ಲರ ಅಂತರಂಗವನ್ನೂ ಬಲ್ಲರೆಂಬ ಪ್ರತೀತಿ ಇದ್ದುದರಿಂದ ಅವರ ಹೃದಯ ಅಳುಕಿತು. ಆದರೆ ಪೀಠದಲ್ಲಿ ಕಂಡುದು ಹತ್ತು ಹನ್ನೊಂದು ವರ್ಷದ ಬಾಲಕ. ವಾಡಿಕೆಯ ಕುಶಲಪ್ರಶ್ನೆಗಳೊಡನೆ ದರ್ಶನ ಮುಗಿಯಿತು. ಕೈಯಲ್ಲಿದ್ದ ಹಣ ಕರಗಿದಾಗ ಅದೇ ಪಟ್ಟಣದಲ್ಲಿ ಅವರು ನೇಪಾಳಿ ವರ್ತಕರಿಗೆ ಲೆಕ್ಕಪತ್ರ ಬರೆಯುವ ಕ್ರಮವನ್ನು ಕಲಿಸಿ ಜೀವನ ನಡೆಸಿದರು. ಪರದೇಶದ ಆಪತ್ಕಾಲದಲ್ಲಿಯೂ ಅವರ ಕೈಹಿಡಿದುದು ಅಧ್ಯಾಪನ ವೃತ್ತಿಯೇ.

1866ರ ಜನವರಿ 10ರಂದು ನೈನ್ ಸಿಂಗರು ಲಾಸಾವನ್ನು ಪ್ರವೇಶಿಸಿದರು. ಅಲ್ಲಿ ಕಳೆದ ಮೂರು ತಿಂಗಳಿಗೂ ಮಿಗಿಲಾದ ಅವಧಿಯಲ್ಲಿ ನಗರದ ಅಕ್ಷಾಂಶವನ್ನು ಕಂಡುಹಿಡಿದರು, ನೀರನ್ನು ಕುದಿಸಿ ಎತ್ತರವನ್ನು ಗುರುತಿಸಿದರು, ಪೇಟೆ, ಮಠ, ಆಡಳಿತಗಳ ವಿವರಗಳನ್ನು ಸಂಗ್ರಹಿಸಿದರು. ಕಾಶ್ಮೀರ ಮೂಲದ ಇಬ್ಬರು ಮುಸಲ್ಮಾನ ವರ್ತಕರು ಅವರ ವೇಷವನ್ನು ಗುರುತಿಸಿಬಿಟ್ಟರು. ಆದರೂ ಗುಟ್ಟನ್ನು ಹೊರಗೆಡಹದೆ, ಸಾಲವನ್ನೂ ಕೊಟ್ಟು ಉಪಕರಿಸಿದರು. ಚೀನೀಯನೊಬ್ಬನ ಶಿರಚ್ಛೇದ ಬಹಿರಂಗವಾಗಿ ನಡೆದುದನ್ನೂ, ಹಿಂದೆ ತಮ್ಮನ್ನು ತಡೆದಿದ್ದ ಕಿರೋಂಗಿನ ಅಧಿಕಾರಿಯನ್ನು ಲಾಸಾದ ಬೀದಿಯಲ್ಲಿಯೇ ಕಂಡುದನ್ನೂ ಅನುಸರಿಸಿ ಅವರು ಬಿಡಾರವನ್ನು ಬದಲಿಸಿ ಮರೆಯಾಗಿಯೇ ಇರತೊಡಗಿದರು. ಏಪ್ರಿಲ್ 21ರಂದು ಮರಳಿ ಹೊರಟು, ತ್ಸಾಂಗ್ಪೋ ದಂಡೆಯಲ್ಲಿಯೇ ಪಶ್ಚಿಮಕ್ಕೆ ಸಾಗಿ, ಮಾನಸ ಸರೋವರದ ಮಾರ್ಗವಾಗಿ ಅಕ್ಟೋಬರ್ ಅಂತ್ಯದ ವೇಳೆಗೆ ಸ್ವದೇಶವನ್ನು ಸೇರಿದರು.

ಸುಮಾರು 1,200 ಮೈಲಿಗಳ ದಾರಿ. ಸುಮಾರು 25 ಲಕ್ಷ ಎಣಿಸಿದ ಹೆಜ್ಜೆಗಳು. ಮೂವತ್ತಕ್ಕೂ ಹೆಚ್ಚು ಸ್ಥಳಗಳ ಅಕ್ಷಾಂಶ, ಅಷ್ಟೇ ಸ್ಥಳಗಳ ಎತ್ತರ. ಇದು ಆ ಯಾತ್ರೆಯ ಫಲ. ಲಾಸಾದ ಎತ್ತರವನ್ನು ಅವರು ಗಣಿಸಿದುದು 11,700 ಅಡಿಗಳ ಸಮೀಪ. ಇಂದಿನ ಅಳತೆಗೂ ಅದಕ್ಕೂ ಇರುವ ವ್ಯತ್ಯಾಸ ಕೆಲವು ನೂರು ಅಡಿ ಮಾತ್ರ. ಅಕ್ಷಾಂಶವಂತೂ ಮಿನಿಟಿನವರೆಗೂ ಸರಿಯಾಗಿದೆ. ತ್ಸಾಂಗ್ಪೋ ನದಿಯ ನೂರಾರು ಮೈಲಿಗಳ ಪಾತ್ರ ಭೂಪಟದಲ್ಲಿ ಮೊದಲ ಸಲ ಅಳತೆಯ ಆಧಾರದ ಮೇಲೆ ಮೂಡಿತು. 1868ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು ಅವರಿಗೆ ಚಿನ್ನದ ಗಡಿಯಾರವನ್ನು ನೀಡಿತು. ಆದರೆ ಅವರ ಸುರಕ್ಷತೆಗಾಗಿ ವರದಿಗಳಲ್ಲಿ ಹೆಸರನ್ನು ಮರೆಮಾಡಲಾಗಿತ್ತು. ಬಹುಕಾಲ ಜಗತ್ತು ಅವರನ್ನು ಪಂಡಿತನೆಂದಷ್ಟೇ ಬಲ್ಲದಾಗಿತ್ತು.

1867ರಲ್ಲಿ ಅವರು ಮತ್ತೆ ಟಿಬೆಟ್ಟಿಗೆ ತೆರಳಿ, 16,000 ಅಡಿಗೂ ಎತ್ತರದಲ್ಲಿದ್ದ ಥೋಕ್ ಜಾಲುಂಗ್ ಚಿನ್ನದ ಗಣಿಗಳ ವಿಷಯವನ್ನು ಸಂಗ್ರಹಿಸಿ ತಂದ ತಂಡವನ್ನು ನಡೆಸಿದರು. 1873ರಲ್ಲಿ ಯಾರ್ಕಂದಿನ ನಿಯೋಗದೊಡನೆ ಹೋದರು. ಅವರ ಕಟ್ಟಕಡೆಯ ಯಾತ್ರೆಯೇ ಅತ್ಯಂತ ದೀರ್ಘವಾದುದು. 1874ರ ಜುಲೈ ತಿಂಗಳಿನಲ್ಲಿ ಲಾಮಾ ವೇಷದಲ್ಲಿ, 26 ಕುರಿಗಳ ಮೇಲೆ ಸಾಮಗ್ರಿಯನ್ನು ಹೇರಿಕೊಂಡು ಲೇಹ್ ಪಟ್ಟಣವನ್ನು ಬಿಟ್ಟು, ಉತ್ತರ ಟಿಬೆಟ್ಟಿನ ನಿರ್ಜನ ಪ್ರಸ್ಥಭೂಮಿಯ ಸರೋವರಗಳ ಸಾಲನ್ನು ಗುರುತಿಸುತ್ತ ನವೆಂಬರಿನಲ್ಲಿ ಲಾಸಾವನ್ನು ಮುಟ್ಟಿದರು. ಗುರುತು ಸಿಕ್ಕೀತೆಂಬ ಭಯದಿಂದ ಎರಡೇ ದಿನಗಳಲ್ಲಿ ಅಲ್ಲಿಂದ ಹೊರಟು, ತವಾಂಗಿನಲ್ಲಿ ಕೆಲವು ವಾರ ತಡೆಹಿಡಿಯಲ್ಪಟ್ಟು, 1875ರ ಮಾರ್ಚ್ ಮೊದಲಲ್ಲಿ ಅಸ್ಸಾಮಿನ ಉದಾಲ್‌ಗುರಿಗೆ ಇಳಿದರು. 1,300 ಮೈಲಿಗೂ ಮಿಗಿಲಾದ ಈ ದಾರಿಯ ಬಹುಭಾಗ ಅದುವರೆಗೆ ಯಾವ ಭೂಪಟದಲ್ಲಿಯೂ ಇರಲಿಲ್ಲ. ತ್ಸಾಂಗ್ಪೋ ಪೂರ್ವಕ್ಕೆ ಇನ್ನಷ್ಟು ದೂರ ಹರಿಯುವುದನ್ನು ಅವರು ಕಂಡು ಬಂದರು. ಅದೇ ಬ್ರಹ್ಮಪುತ್ರವೆಂಬ ಅನುಮಾನ ಬಲಗೊಂಡಿತು. ಅವರ ಅನಂತರ 1880ರ ದಶಕದಲ್ಲಿ ಕಿಂಥುಪ್ ಎಂಬ ಸಿಕ್ಕಿಮಿನ ಸಾಹಸಿ ಪಟ್ಟ ಪಾಡಿನಿಂದಲೂ, 1913ರಲ್ಲಿ ಬೇಲಿ ಮತ್ತು ಮೋರ್ಸ್‌ಹೆಡ್ ನಡೆಸಿದ ಶೋಧನೆಯಿಂದಲೂ ಆ ಮಾತು ಸ್ಥಿರಪಟ್ಟಿತು.

ಕಷ್ಟಗಳ ಭಾರಕ್ಕೆ ದೇಹವೂ ಕಣ್ಣುಗಳೂ ಸೋತುದರಿಂದ ನೈನ್ ಸಿಂಗರು ಆ ಬಳಿಕ ಸಂಚಾರದಿಂದ ನಿವೃತ್ತರಾದರು. 1877ರಲ್ಲಿ ಲಂಡನ್ನಿನ ಅದೇ ಸಂಸ್ಥೆ ತನ್ನ ಸ್ವರ್ಣಪದಕವನ್ನು ಅರ್ಪಿಸಿತು. ಏಷಿಯಾದ ಭೂಪಟಕ್ಕೆ ಆ ಕಾಲದ ಬೇರಾವ ವ್ಯಕ್ತಿಯೂ ಇಷ್ಟು ಜ್ಞಾನವನ್ನು ಸೇರಿಸಿಲ್ಲವೆಂಬುದು ಆಗಿನ ಭೂಗೋಳತಜ್ಞರ ಅಭಿಮತವಾಗಿತ್ತು. ಸರ್ಕಾರವು ಸಿ.ಐ.ಇ. ಬಿರುದನ್ನೂ ಗ್ರಾಮವೊಂದರ ಜಹಗೀರನ್ನೂ ನೀಡಿತು. ಆದರೆ ಅವರಿಗೆ ಹೆಚ್ಚು ಒಪ್ಪುವ ಗೌರವ ಬೇರೊಂದಿದೆ. ಅವರು ತಾವು ಕಲಿತುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಹೊಸ ಸರ್ವೇಕ್ಷಕರಿಗೆ ತರಬೇತಿ ನೀಡಿದರು. ಬಂಧು ಕಿಶನ್ ಸಿಂಗರು ಅವರ ದಾರಿಯಲ್ಲಿಯೇ ನಡೆದು ಖ್ಯಾತರಾದರು. ಅಕ್ಷಾಂಶವನ್ನು ಕಂಡುಹಿಡಿಯುವ ವಿಧಾನವನ್ನು ವಿವರಿಸುವ ಅಕ್ಷಾಂಶ ದರ್ಪಣ ಎಂಬ ಗ್ರಂಥವನ್ನು ಹಿಂದಿಯಲ್ಲಿ ರಚಿಸಿದರು. ಭೂಗೋಳವನ್ನು ನಡೆದು ಕಲಿತವರು ಅದನ್ನು ದೇಶಭಾಷೆಯಲ್ಲಿ ಬರೆದು ಕಲಿಸಿದರು.

ಈ ಚರಿತ್ರೆಯಲ್ಲಿ ನೋವಿನ ಒಂದು ಎಳೆಯೂ ಇದೆ. ಅದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ಅವರ ಸೇವೆ ಪರಕೀಯ ಸಾಮ್ರಾಜ್ಯವೊಂದರ ಸೇವೆಯಾಗಿತ್ತು. ಟಿಬೆಟ್ಟಿನವರು ತಮ್ಮ ಬಾಗಿಲನ್ನು ಮುಚ್ಚಿಕೊಂಡುದಕ್ಕೆ ಕಾರಣವಿತ್ತು ಎಂಬುದನ್ನು 1904ರಲ್ಲಿ ಲಾಸಾದವರೆಗೆ ನುಗ್ಗಿದ ಆಂಗ್ಲ ಸೇನೆ ಸಿದ್ಧಪಡಿಸಿ ತೋರಿಸಿತು. ಭಕ್ತರ ಜಪಮಾಲೆ ಗೂಢಚರ್ಯೆಯ ಸಾಧನವಾಯಿತೆಂಬ ಸಂಗತಿ ಶ್ರದ್ಧಾವಂತರ ಮನಸ್ಸನ್ನು ಕಲಕದೆ ಇರದು. ಭೂಪಟವೆಂಬುದು ನಿರಪಾಯವಾದ ಕಾಗದವಲ್ಲ. ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಒಳಿತು ಕೆಡಕುಗಳು ನಿಂತಿವೆ. ಭೂಗೋಳವನ್ನು ಬೋಧಿಸುವವರು ವಿದ್ಯಾರ್ಥಿಗಳಿಗೆ ಈ ವಿವೇಕವನ್ನೂ ತಿಳಿಸಬೇಕಾಗಿದೆ. ಆದರೆ ಅಳತೆಗಾರನ ಪ್ರಾಮಾಣಿಕತೆಗೆ ಇದರಿಂದ ಕುಂದು ಬಾರದು. ನಿರ್ಜನವಾದ ಹಿಮದ ಬಯಲಿನಲ್ಲಿ ಒಂದು ಸಾವಿರ ಹೆಜ್ಜೆಗಳನ್ನು ಎಣಿಸದೆ ಊಹೆಯಿಂದ ಬರೆದಿದ್ದರೂ ಕೇಳುವವರು ಯಾರೂ ಇರಲಿಲ್ಲ. ನೋಡುವವರಿಲ್ಲದೆಡೆಯಲ್ಲಿಯೂ ತಪ್ಪದೆ ಎಣಿಸಿದ ಆ ನಿಷ್ಠೆಯನ್ನು ಶರಣರ ನಾಡು ಕಾಯಕವೆಂದೇ ಕರೆಯುತ್ತದೆ.

ಸ್ವತಂತ್ರ ಭಾರತವು 2004ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. 2006ರಲ್ಲಿ ಶೇಖರ್ ಪಾಠಕ್ ಮತ್ತು ಉಮಾ ಭಟ್ ಅವರ ಪರಿಶ್ರಮದಿಂದ ಅವರ ದಿನಚರಿಗಳು ಹಿಂದಿಯಲ್ಲಿ ಬೆಳಕು ಕಂಡವು. ಮರೆಯಾಗಿದ್ದ ಹೆಸರು ಹೀಗೆ ನಾಡಿನವರ ನಾಲಗೆಗೆ ಮರಳಿತು. ಶಾಲೆಗಳನ್ನು ಕಟ್ಟುವವರಿಗೂ, ಅವುಗಳನ್ನು ಪೋಷಿಸುವ ದಾನಿಗಳಿಗೂ, ಅಲ್ಲಿ ಪಾಠ ಹೇಳುವವರಿಗೂ ಈ ಜೀವನದಲ್ಲಿ ಒಂದು ಭರವಸೆಯಿದೆ. ಹಿಮದ ನಡುವಣ ಪುಟ್ಟ ಗ್ರಾಮದ ಕಪ್ಪುಹಲಗೆಯ ಮುಂದೆ ನಿಂತಿದ್ದ ಒಬ್ಬ ಉಪಾಧ್ಯಾಯರ ವಿದ್ಯೆ ಒಂದು ಖಂಡದ ಭೂಪಟವನ್ನು ತಿದ್ದಿತು. ಮುಂದೆ ಯಾವ ವಿದ್ಯಾರ್ಥಿಯಾದರೂ ಭೂಪಟವನ್ನು ಬಿಡಿಸಿ ಲಾಸಾದ ಮೇಲೆ ಬೆರಳಿಟ್ಟಾಗ, ಆ ಚುಕ್ಕೆಯ ಹಿಂದೆ ಎಣಿಸಿದ ಹೆಜ್ಜೆಗಳಿವೆ ಎಂಬುದನ್ನು ಗುರುಗಳು ಅವನಿಗೆ ಹೇಳಲಿ. ಅಂಕಿಯನ್ನು ಮರೆತರೂ ಅವನು ಆ ಹೆಜ್ಜೆಗಳನ್ನು ಮರೆಯಲಾರನು.