ಹೊಸ ವರ್ಷದ ಹೊಸ ಖಾತೆ: ಇಮಾಮ್ ಗಜಾಲಿಯವರ ಜೀವನ

ಮೊಹರಂ ಎಂದೊಡನೆ ನಮ್ಮ ನಾಡಿನ ಹಳ್ಳಿಗಳಲ್ಲಿ ಬೆಳೆದವರ ಕಣ್ಣಿಗೆ ಕಟ್ಟುವುದು ಪಂಜಾಗಳ ಮೆರವಣಿಗೆ ಮತ್ತು ಹಿಜರಿ 61ರಲ್ಲಿ ಕರ್ಬಲದ ಮರುಭೂಮಿಯಲ್ಲಿ ಮಡಿದ ಹುಸೇನರ ಶೋಕ. ಆದರೆ ಆ ತಿಂಗಳ ಮೊದಲನೆಯ ದಿನವೇ ಮುಸಲ್ಮಾನ ಬಾಂಧವರ ವರ್ಷಾರಂಭವೆಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು. ಪ್ರವಾದಿಯವರು ಮಕ್ಕೆಯನ್ನು ತೊರೆದು ಮದೀನೆಗೆ ತೆರಳಿದ ಕ್ರಿ.ಶ. 622ನೆಯ ವರ್ಷದಿಂದ ಈ ಶಕೆಯನ್ನು ಎಣಿಸುವರು. ವರ್ಷಕ್ಕೆ 354 ಅಥವಾ 355 ದಿನಗಳು, ಅಧಿಕಮಾಸವಿಲ್ಲ. ಊರು ಬಿಟ್ಟು ಹೊರಟ ಪ್ರಯಾಣವೊಂದು ಶಕೆಗೇ ಆದಿಯಾದುದು, ಊರು ಬಿಟ್ಟು ಬಂದ ನಮ್ಮಂಥವರು ಮನನ ಮಾಡತಕ್ಕ ಸಂಗತಿಯಾಗಿದೆ. ಇಂಥದೇ ಒಂದು ಪ್ರಯಾಣದಿಂದ ತಮ್ಮ ಬಾಳಿನ ಖಾತೆಯನ್ನು ಹೊಸದಾಗಿ ತೆರೆದ ಇಮಾಮ್ ಗಜಾಲಿಯವರ ಚರಿತ್ರೆಯನ್ನು ಓದುಗರ ಮುಂದಿಡುತ್ತೇವೆ.

ಈಗಿನ ಇರಾನಿನ ಮಶ್‌ಹದ್ ನಗರದ ಬಳಿ ತೂಸ್ ಎಂಬ ಪಟ್ಟಣವಿದ್ದಿತು. ಅಲ್ಲಿ ಹಿಜರಿ 450ರಲ್ಲಿ, ಎಂದರೆ ಕ್ರಿ.ಶ. 1058ರಲ್ಲಿ, ಅಬೂ ಹಾಮಿದ್ ಮುಹಮ್ಮದ್ ಗಜಾಲಿಯವರು ಜನಿಸಿದರು. ತಂದೆ ಉಣ್ಣೆ ನೂಲುವ ಬಡವರೆಂದೂ, ಮಕ್ಕಳಿಬ್ಬರನ್ನು ಅಲ್ಪಸ್ವಲ್ಪ ಹಣದೊಡನೆ ಸೂಫಿ ಮಿತ್ರರೊಬ್ಬರಿಗೆ ಒಪ್ಪಿಸಿ ತೀರಿಕೊಂಡರೆಂದೂ ಹೇಳುವರು. ಆ ಹಣ ಮುಗಿದಾಗ, ಅನ್ನ ವಸತಿಗಳು ದೊರೆಯುವ ಮದರಸಾವನ್ನು ಸೇರುವಂತೆ ಆ ಮಿತ್ರರೇ ಸೂಚಿಸಿದರಂತೆ. ಹೊಟ್ಟೆಯ ಪಾಡಿಗಾಗಿ ವಿದ್ಯಾಲಯದ ಬಾಗಿಲು ತಟ್ಟಿದ ಹುಡುಗ ಮುಂದೆ ಆ ವಿದ್ಯೆಗೇ ಒಡೆಯನಾದನು.

ಒಮ್ಮೆ ಅವರು ಜುರ್ಜಾನಿನಿಂದ ಪಾಠ ಮುಗಿಸಿ ಮರಳುವಾಗ ದಾರಿಗಳ್ಳರು ಸಾಮಾನೆಲ್ಲವನ್ನೂ ದೋಚಿದರೆಂಬ ಕಥೆಯುಂಟು. ಬರೆದುಕೊಂಡ ಟಿಪ್ಪಣಿಗಳನ್ನಾದರೂ ಹಿಂದಕ್ಕೆ ಕೊಡಿರೆಂದು ತರುಣನು ಅಂಗಲಾಚಿದನು. ಕಳ್ಳರು ಕಸಿದರೆ ಹೋಗಿಬಿಡುವ ವಿದ್ಯೆ ಎಂಥ ವಿದ್ಯೆಯೆಂದು ನಾಯಕನು ನಕ್ಕು ಚೀಲವನ್ನು ಹಿಂದಿರುಗಿಸಿದನಂತೆ. ಆ ಮಾತು ನಾಟಿ, ಅವರು ಮೂರು ವರ್ಷ ಕುಳಿತು ಎಲ್ಲವನ್ನೂ ಕಂಠಗತ ಮಾಡಿಕೊಂಡರು.

ಬಳಿಕ ನಿಶಾಪುರದಲ್ಲಿ ಜುವೈನಿ ಎಂಬ ಮಹಾಪಂಡಿತರ ಶಿಷ್ಯತ್ವ ಲಭಿಸಿತು. 1085ರಲ್ಲಿ ಗುರುಗಳು ಗತಿಸಿದ ಮೇಲೆ ಗಜಾಲಿಯವರು ಸೆಲ್ಜುಕ್ ಸಾಮ್ರಾಜ್ಯದ ಪ್ರಧಾನ ಮಂತ್ರಿ ನಿಜಾಮ್ ಉಲ್ ಮುಲ್ಕರ ಆಶ್ರಯವನ್ನು ಪಡೆದರು. 1091ರಲ್ಲಿ, ಇನ್ನೂ ಮೂವತ್ತು ಮೂರರ ಪ್ರಾಯದಲ್ಲಿ, ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಮುಖ್ಯ ಗುರುಗಳಾದರು. ಮುನ್ನೂರು ವಿದ್ಯಾರ್ಥಿಗಳು ಅವರ ಪಾಠಕ್ಕೆ ಕುಳಿತುಕೊಳ್ಳುತ್ತಿದ್ದರು. ಮಂತ್ರಿಗಳು, ಅಮೀರರು ಅವರ ಮಾತಿಗೆ ಕಿವಿಗೊಡುತ್ತಿದ್ದರು. ತತ್ತ್ವಜ್ಞಾನಿಗಳ ವಾದಗಳನ್ನು ಖಂಡಿಸಿ ಬರೆದ ಗ್ರಂಥ ದೊಡ್ಡ ಕೀರ್ತಿಯನ್ನು ತಂದಿತು. ಮನುಷ್ಯನು ಬಯಸುವುದೆಲ್ಲವೂ ಕೈಗೂಡಿದ್ದಿತು.

ಆಗಲೇ ಅವರನ್ನು ಒಂದು ಪ್ರಶ್ನೆ ಬಾಧಿಸತೊಡಗಿತು: ತಾನು ಪಾಠ ಹೇಳುತ್ತಿರುವುದು ದೇವರಿಗಾಗಿಯೋ, ಹೆಸರಿಗಾಗಿಯೋ? ಪ್ರಾಮಾಣಿಕವಾಗಿ ಲೆಕ್ಕ ಹಾಕಿದಾಗ ಹೆಸರಿಗಾಗಿಯೇ ಎಂಬ ಉತ್ತರ ಬಂದಿತು. ಎಲ್ಲವನ್ನೂ ಬಿಟ್ಟು ಹೊರಡಬೇಕೆಂದು ಬೆಳಿಗ್ಗೆ ನಿಶ್ಚಯಿಸುವರು. ಸಂಜೆಯಾಗುವಷ್ಟರಲ್ಲಿ ಪದವಿಯ ಮೋಹವು ಆ ನಿಶ್ಚಯವನ್ನು ಮುರಿಯುವುದು. ಹಿಜರಿ 488ರ ರಜಬ್ ಮಾಸದಿಂದ ಸುಮಾರು ಆರು ತಿಂಗಳು ಈ ತೊಳಲಾಟ ನಡೆಯಿತು. ಕೊನೆಗೆ ಪಾಠ ಹೇಳಲು ನಾಲಗೆಯೇ ಏಳದಾಯಿತು. ಗಂಟಲಲ್ಲಿ ಅನ್ನ ನೀರು ಇಳಿಯದಾಯಿತು. ಇದು ಮನಸ್ಸಿನ ವ್ಯಾಧಿ, ಔಷಧಿಗೆ ಬಗ್ಗುವುದಲ್ಲವೆಂದು ವೈದ್ಯರು ಕೈಬಿಟ್ಟರು.

ಆ ವರ್ಷದ ಹನ್ನೊಂದನೆಯ ತಿಂಗಳಲ್ಲಿ, ಕ್ರಿ.ಶ. 1095ರ ನವೆಂಬರಿನಲ್ಲಿ, ಗಜಾಲಿಯವರು ಬಾಗ್ದಾದನ್ನು ಬಿಟ್ಟರು. ಮಕ್ಕೆಯ ಯಾತ್ರೆಯೆಂದು ಜನರಿಗೆ ಹೇಳಿದರು. ಇಲ್ಲವಾದರೆ ಖಲೀಫರೂ ಮಿತ್ರರೂ ತಡೆಯುತ್ತಿದ್ದರು. ತಮ್ಮ ಅಹಮದರನ್ನು ಪೀಠದಲ್ಲಿ ಕೂಡಿಸಿದರು. ಸ್ವತ್ತನ್ನೆಲ್ಲ ದಾನ ಮಾಡಿದರೂ ಮಕ್ಕಳ ಪೋಷಣೆಗೆ ಸಾಕಾಗುವಷ್ಟನ್ನು ಉಳಿಸಿದರೆಂಬುದನ್ನು ಗಮನಿಸಬೇಕು. ವೈರಾಗ್ಯದ ನೆವದಲ್ಲಿ ಹೆಂಡಿರು ಮಕ್ಕಳನ್ನು ಬೀದಿಗೆ ಬಿಟ್ಟವರಲ್ಲ ಅವರು. ಆಳುವವರ ಭಯದಿಂದ ಓಡಿದನೆಂದು ಕೆಲವರು ಆಡಿಕೊಂಡರು. ಎರಡು ತಿಂಗಳು ತುಂಬುವುದರೊಳಗೆ ಮೊಹರಂ ಬಂದು ಹಿಜರಿ 489 ಆರಂಭವಾಯಿತು. ಬಾಗ್ದಾದಿನ ಮಹಾಗುರುಗಳಿಗೆ ಆ ಹೊಸ ವರ್ಷದಲ್ಲಿ ಪೀಠವಿಲ್ಲ, ಸಂಬಳವಿಲ್ಲ, ಪರಿವಾರವಿಲ್ಲ.

ಡಮಾಸ್ಕಸಿನ ದೊಡ್ಡ ಮಸೀದಿಯ ಮಿನಾರವನ್ನೇರಿ, ಬಾಗಿಲು ಹಾಕಿಕೊಂಡು ಹಗಲೆಲ್ಲ ಧ್ಯಾನದಲ್ಲಿ ಕಳೆದರು. ಜೆರುಸಲೇಮಿಗೆ ಹೋದರು. ಹೆಬ್ರಾನಿನಲ್ಲಿ ಇಬ್ರಾಹಿಂ ಪ್ರವಾದಿಗಳ ಸಮಾಧಿಯ ಬಳಿ ಮೂರು ವ್ರತಗಳನ್ನು ತೊಟ್ಟರು: ರಾಜರ ಹಣವನ್ನು ಮುಟ್ಟುವುದಿಲ್ಲ, ರಾಜರ ಆಸ್ಥಾನಕ್ಕೆ ಹೋಗುವುದಿಲ್ಲ, ಗೆಲ್ಲುವ ಹಟದಿಂದ ವಾದ ಮಾಡುವುದಿಲ್ಲ. ಅಲ್ಲಿಂದ ಮಕ್ಕೆ ಮದೀನೆಗಳ ಯಾತ್ರೆ ಮುಗಿಸಿದರು. ಮಕ್ಕಳ ಮೇಲಣ ಮಮತೆ ಅವರನ್ನು ಮತ್ತೆ ಊರಿಗೆ ಎಳೆಯಿತು. ಸಂಸಾರದ ಚಿಂತೆ, ಜೀವನೋಪಾಯದ ತೊಡಕುಗಳಿಂದ ಏಕಾಂತ ಪದೇ ಪದೇ ಕೆಡುತ್ತಿದ್ದಿತೆಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಕೆಟ್ಟಿತೆಂದು ಕೈಬಿಡಲಿಲ್ಲ. ಮತ್ತೆ ಮತ್ತೆ ಆರಂಭಿಸಿದರು.

ಈ ಅವಧಿಯಲ್ಲಿ ಮೂಡಿದುದೇ ಅವರ ಮಹಾಕೃತಿ ‘ಇಹ್ಯಾ ಉಲೂಮಿದ್ದೀನ್’. ಧರ್ಮವಿದ್ಯೆಗಳ ಪುನರುಜ್ಜೀವನವೆಂದು ಅದರ ಅರ್ಥ. ನಾಲ್ಕು ಭಾಗಗಳು, ನಲವತ್ತು ಪ್ರಕರಣಗಳು. ಅದರಲ್ಲೊಂದು ಪ್ರಕರಣವನ್ನು ಗಲ್ಲಾದ ಮೇಲೆ ಕುಳಿತವರೂ ಕಿರ್ದಿ ಬರೆಯುವವರೂ ಅವಶ್ಯವಾಗಿ ತಿಳಿಯಬೇಕು. ಮನಸ್ಸನ್ನು ವ್ಯಾಪಾರದ ಪಾಲುದಾರನಂತೆ ಭಾವಿಸಬೇಕೆಂಬುದು ಅಲ್ಲಿಯ ಬೋಧೆ. ಬೆಳಗಿನ ಪ್ರಾರ್ಥನೆಯಾದೊಡನೆ ಅದರೊಡನೆ ಕರಾರು ಮಾಡಬೇಕು. ಹಗಲಿಡೀ ಅದರ ಮೇಲೆ ಕಣ್ಣಿಟ್ಟಿರಬೇಕು. ರಾತ್ರಿ ಲೆಕ್ಕ ಕೇಳಬೇಕು. ವಿಧಿಸಿದ ಕರ್ತವ್ಯಗಳು ಬಂಡವಾಳ, ಅದಕ್ಕಿಂತ ಹೆಚ್ಚಾಗಿ ಮಾಡಿದ ಸತ್ಕಾರ್ಯ ಲಾಭ, ಪಾಪ ನಷ್ಟ. ತಪ್ಪಿದರೆ ದಂಡ ಹಾಕಬೇಕು, ಆದರೆ ಪಾಲುದಾರಿಕೆಯನ್ನು ಮುರಿಯಲಾಗದು. ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಇಪ್ಪತ್ತನಾಲ್ಕು ಪೆಟ್ಟಿಗೆಗಳೆಂದು ವರ್ಣಿಸಿ, ಕೊನೆಗೆ ಅವನ್ನು ತೆರೆಯುವಾಗ ಕೆಲವು ಬೆಳಕಿನಿಂದಲೂ ಕೆಲವು ಕತ್ತಲೆಯಿಂದಲೂ ತುಂಬಿರುವುವೆಂದೂ, ಆಲಸ್ಯದಲ್ಲಿ ಕಳೆದವು ಬರಿದಾಗಿರುವುವೆಂದೂ, ಆ ಬರಿದಾದವನ್ನು ಕಂಡೂ ಮನುಷ್ಯನು ಮರುಗುವನೆಂದೂ ಅಲ್ಲಿ ಬೋಧಿಸಿದ್ದಾರೆ.

ಬಾಗ್ದಾದನ್ನು ಬಿಟ್ಟ ಅದೇ ತಿಂಗಳಲ್ಲಿ, ಸರಿಯಾಗಿ ಹನ್ನೊಂದು ವರ್ಷಗಳ ಮೇಲೆ, ಹಿಜರಿ 499ರಲ್ಲಿ ಅವರು ನಿಶಾಪುರದ ಪೀಠವನ್ನು ಏರಿದರು. ಮಂತ್ರಿ ಫಖ್ರ್ ಉಲ್ ಮುಲ್ಕರ ಒತ್ತಾಯವಿದ್ದಿತು. ಪ್ರತಿ ಶತಮಾನದ ಆದಿಯಲ್ಲಿ ಧರ್ಮವನ್ನು ನವೀಕರಿಸುವವರು ಬರುವರೆಂಬುದು ಮುಸಲ್ಮಾನರ ನಂಬಿಕೆ. ಅನತಿಕಾಲದಲ್ಲಿಯೇ ಮೊಹರಂ ಬಂದು ಹಿಜರಿ 500 ತೆರೆಯಿತು. ಆ ಶತಮಾನದ ನವೀಕರಣಕಾರರೆಂದು ಅವರನ್ನು ಇಂದಿಗೂ ಅನೇಕರು ಮನ್ನಿಸುತ್ತಾರೆ. ಕೆಲಸ ಹಿಂದಿನದೇ, ಪಾಠ ಹೇಳುವುದು. ಅದರ ಹಿಂದಿನ ಉದ್ದೇಶ ಮಾತ್ರ ಬೇರೆಯಾಗಿದ್ದಿತು. ಆದರೂ ರಾಜಸೇವೆಯ ವ್ರತವನ್ನು ನೆನೆದು ಅಳುಕಿರಲಾರದೆ? ಕೆಲಕಾಲದಲ್ಲಿ ಅದನ್ನೂ ಬಿಟ್ಟು ತೂಸಿಗೆ ಮರಳಿದರು. ಮನೆಯ ಬಳಿ ಚಿಕ್ಕ ಮದರಸಾ, ಸೂಫಿಗಳಿಗೊಂದು ಮಠ ಕಟ್ಟಿಸಿ, 1111ರ ಡಿಸೆಂಬರ್ 18ರಂದು ಅಲ್ಲಿಯೇ ಕಣ್ಮುಚ್ಚಿದರು.

ಗಜಾಲಿಯವರಂತೆ ಕೆಲಸ ಬಿಟ್ಟು ಹೊರಡುವುದು ನಮ್ಮ ಓದುಗರಿಗೆ ಸಾಧ್ಯವಿಲ್ಲ. ತಿಂಗಳ ಮೊದಲಿಗೆ ಊರಿಗೆ ಮನಿಯಾರ್ಡರು ಹೋಗದಿದ್ದರೆ ಒಲೆ ಉರಿಯದ ಮನೆಗಳನ್ನು ಕಂಡು ಬಂದವರು ನಾವು. ಆದರೆ ಅವರೇ ಕೊನೆಗೆ ಮಕ್ಕಳಿದ್ದ ಮನೆಗೂ ಪಾಠದ ಕೆಲಸಕ್ಕೂ ಮರಳಿದರಲ್ಲವೆ? ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವವರಿರಲಿ, ಮೊಹರಂನ ಬಾಲಚಂದ್ರನನ್ನು ನೋಡುವವರಿರಲಿ, ರಾತ್ರಿ ಬಾಗಿಲೆಳೆದು ಗಲ್ಲಾ ಎಣಿಸಿದ ಮೇಲೆ ಇನ್ನೊಂದು ಲೆಕ್ಕಕ್ಕೆ ಐದು ನಿಮಿಷ ಉಳಿಸಿಕೊಳ್ಳಬಹುದು. ಅದಕ್ಕೆ ರಜೆ ಬೇಕಿಲ್ಲ, ಮಾಲೀಕರ ಅನುಮತಿಯೂ ಬೇಕಿಲ್ಲ.