ಉದ್ಯಾನನಗರದ ಕನಸುಗಾರ

ಮನೆ ಕಟ್ಟುವುದು ಕಷ್ಟದ ಕೆಲಸ. ಊರು ಕಟ್ಟುವುದು ಅದಕ್ಕಿಂತಲೂ ಕಷ್ಟ. ಬಾಗಲಕೋಟೆಯ ಜನ ಇದನ್ನು ಅನುಭವದಿಂದ ಬಲ್ಲರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ತಗ್ಗು ಭಾಗಗಳು ಸಿಲುಕುವುದು ನಿಶ್ಚಯವಾದಾಗ, ನೆಲೆ ಕಳೆದುಕೊಳ್ಳುವವರಿಗಾಗಿ ನವನಗರವೆಂಬ ಹೊಸ ಊರನ್ನೇ ನಿರ್ಮಿಸಬೇಕಾಯಿತು. ಅದಕ್ಕೆಂದು 1983ರಲ್ಲಿ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರದ ಕಾಯಿದೆ ಜಾರಿಗೆ ಬಂದಿತು. ಜನರ ವಸತಿ, ದುಡಿಮೆ, ಗಾಳಿ ಬೆಳಕುಗಳನ್ನು ಮೊದಲೇ ಆಲೋಚಿಸಿ ಊರು ಕಟ್ಟಬೇಕೆಂಬ ವಿಚಾರವನ್ನು ಆಧುನಿಕ ಜಗತ್ತಿಗೆ ಮನಗಾಣಿಸಿದವರಲ್ಲಿ ಎಬೆನೇಜರ್ ಹೋವರ್ಡ್ ಅಗ್ರಗಣ್ಯನು. ಆತ ಇಂಜಿನಿಯರನಲ್ಲ, ವಾಸ್ತುಶಿಲ್ಪಿಯೂ ಅಲ್ಲ. ಅನ್ಯರ ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಜೀವನ ಸಾಗಿಸಿದ ಸಾಮಾನ್ಯ ಮನುಷ್ಯ.

ಹೋವರ್ಡ್ 1850ರ ಜನವರಿ 29ರಂದು ಲಂಡನ್ನಿನಲ್ಲಿ ಮಿಠಾಯಿ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಹದಿನೈದನೆಯ ವಯಸ್ಸಿಗೇ ಶಾಲೆ ಮುಗಿಸಿ ಗುಮಾಸ್ತನಾದನು. ಇಪ್ಪತ್ತೊಂದರಲ್ಲಿ ಅಮೆರಿಕಕ್ಕೆ ಹೋಗಿ ನೆಬ್ರಾಸ್ಕ ಪ್ರಾಂತದಲ್ಲಿ ಬೇಸಾಯಕ್ಕೆ ತೊಡಗಿದನು. ಬೇಸಾಯ ಕೈಹಿಡಿಯಲಿಲ್ಲ. ಅಲ್ಲಿಂದ ಷಿಕಾಗೋ ನಗರ ಸೇರಿ ವರದಿಗಾರನಾದನು. 1871ರ ಭೀಕರ ಬೆಂಕಿಗೆ ಆಹುತಿಯಾಗಿದ್ದ ಆ ನಗರ ಮತ್ತೆ ತಲೆಯೆತ್ತುತ್ತಿದ್ದ ಕಾಲವದು. ಬೂದಿಯಿಂದ ಊರೊಂದು ಏಳುವುದನ್ನು ಆತ ಕಣ್ಣಾರೆ ಕಂಡನು.

1876ರಲ್ಲಿ ಸ್ವದೇಶಕ್ಕೆ ಮರಳಿದ ಹೋವರ್ಡ್ ಪಾರ್ಲಿಮೆಂಟಿನ ಕಲಾಪಗಳನ್ನು ಬರೆದುಕೊಳ್ಳುವ ಉದ್ಯೋಗಕ್ಕೆ ಸೇರಿದನು. ಹಳ್ಳಿಗಳು ಬರಿದಾಗುತ್ತಿದ್ದವು, ಲಂಡನ್ನಿನ ಬಡವರ ಕೇರಿಗಳಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಉಸಿರುಗಟ್ಟಿ ಬದುಕುತ್ತಿತ್ತು. ಈ ಕೇಡನ್ನು ಎಲ್ಲ ಪಕ್ಷದವರೂ ಒಪ್ಪುತ್ತಿದ್ದರು. ಪರಿಹಾರ ಮಾತ್ರ ಕಾಣುತ್ತಿರಲಿಲ್ಲ.

ಬಾದಾಮಿ, ಹುನಗುಂದಗಳ ಸುತ್ತಣ ಹಳ್ಳಿಗಳನ್ನು ಬಲ್ಲವರಿಗೆ ಹೋವರ್ಡನ ತರ್ಕ ಸುಲಭವಾಗಿ ತಿಳಿಯುತ್ತದೆ. ಹೊಲಗಳ ನಡುವಣ ಹಳ್ಳಿಯಲ್ಲಿ ಗಾಳಿ ಬೆಳಕುಗಳಿಗೆ ಕೊರತೆಯಿಲ್ಲ. ಆದರೆ ದೊಡ್ಡ ಆಸ್ಪತ್ರೆಗೆ, ಉನ್ನತ ವಿದ್ಯೆಗೆ, ವರ್ಷವಿಡೀ ಕೂಲಿಗೆ ಪಟ್ಟಣದ ದಾರಿ ಹಿಡಿಯಬೇಕು. ಇಳಕಲ್ಲಿನ ನೇಕಾರನ ಮನೆಯಲ್ಲಿ ಮಗ್ಗವೂ ಸಂಸಾರವೂ ಒಂದೇ ಸೂರಿನಡಿಯಲ್ಲಿ ಇರುವಂತೆ, ದುಡಿಮೆಯೂ ವಾಸವೂ ಒಂದಕ್ಕೊಂದು ಹತ್ತಿರವಿರಬೇಕು. ಪಟ್ಟಣದ ಅನುಕೂಲವನ್ನೂ ಹಳ್ಳಿಯ ಆರೋಗ್ಯವನ್ನೂ ಒಂದೆಡೆ ಕೂಡಿಸಬಾರದೇಕೆ? ಈ ಪ್ರಶ್ನೆಗೆ ಉತ್ತರವಾಗಿ ಹೋವರ್ಡ್ 1898ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು.

ಆತನ ಯೋಜನೆ ಹೀಗಿತ್ತು. 6,000 ಎಕರೆ ನೆಲದಲ್ಲಿ ಊರಿಗೆ 1,000 ಎಕರೆ ಸಾಕು. ಉಳಿದುದು ಸುತ್ತಲೂ ಹೊಲ, ತೋಟ, ಹುಲ್ಲುಗಾವಲು. ನಡುವೆ ವಿಶಾಲವಾದ ಉದ್ಯಾನ, ಅಂಚಿನಲ್ಲಿ ಕಾರ್ಖಾನೆಗಳು. ಜನಸಂಖ್ಯೆ 32,000 ಮುಟ್ಟಿದೊಡನೆ ಊರು ಹೊಲಗಳನ್ನು ನುಂಗಬಾರದು. ಆಚೆಗೆ ಮತ್ತೊಂದು ಊರು ಹುಟ್ಟಬೇಕು. ನಮ್ಮ ಬೆಂಗಳೂರಿಗೂ ಉದ್ಯಾನನಗರಿಯೆಂಬ ಹೆಸರುಂಟು. ಆದರೆ ಹೋವರ್ಡನ ಉದ್ಯಾನನಗರದ ತಿರುಳು ಮರಗಿಡಗಳಲ್ಲಿ ಇರಲಿಲ್ಲ. ಊರು ಬೆಳೆದಂತೆ ನೆಲದ ಬೆಲೆ ಏರುತ್ತದೆ. ಆ ಏರಿಕೆಗೆ ಕಾರಣರು ಅಲ್ಲಿ ನೆಲೆಸಿ ದುಡಿಯುವ ಜನ. ಆದುದರಿಂದ ನೆಲ ಸಮುದಾಯದ ಒಡೆತನದಲ್ಲಿರಬೇಕು; ಅದರ ಉತ್ಪತ್ತಿ ಶಾಲೆಗೆ, ರಸ್ತೆಗೆ, ವೃದ್ಧರ ಪೋಷಣೆಗೆ ಸಲ್ಲಬೇಕು. ಇದೇ ಆತನ ಮುಖ್ಯ ವಿಚಾರ.

ಅನೇಕರು ಇದನ್ನು ಹುಚ್ಚು ಕನಸೆಂದರು. ಹೋವರ್ಡ್ ಎದೆಗುಂದಲಿಲ್ಲ. 1899ರಲ್ಲಿ ಸಂಘ ಕಟ್ಟಿ ಊರೂರು ತಿರುಗಿ ಉಪನ್ಯಾಸ ಮಾಡಿದನು. 1903ರಲ್ಲಿ ಲೆಚ್‌ವರ್ತ್ ಎಂಬಲ್ಲಿ 3,818 ಎಕರೆ ನೆಲವನ್ನು ಕೊಂಡು ಮೊದಲ ಉದ್ಯಾನನಗರಕ್ಕೆ ಅಡಿಪಾಯ ಹಾಕಲಾಯಿತು. ರೇಮಂಡ್ ಅನ್ವಿನ್, ಬ್ಯಾರಿ ಪಾರ್ಕರ್ ಎಂಬ ವಾಸ್ತುಶಿಲ್ಪಿಗಳು ಅದರ ವಿನ್ಯಾಸ ಮಾಡಿದರು. ಹಣ ಹೂಡಿದವರಿಗೆ ನೂರಕ್ಕೆ 5ಕ್ಕಿಂತ ಹೆಚ್ಚು ಲಾಭವಿಲ್ಲವೆಂದು ನಿಯಮವಾಯಿತು. 1905ರಲ್ಲಿ 150 ಪೌಂಡಿನೊಳಗೆ ಕಟ್ಟಬಹುದಾದ ಮನೆಗಳ ಪ್ರದರ್ಶನ ನಡೆಯಿತು.

ಆದರೂ ಕನಸು ಪೂರ್ತಿಯಾಗಿ ನನಸಾಗಲಿಲ್ಲ. ಬಡ ಕೂಲಿಕಾರರಿಗೆ ಆ ಮನೆಗಳ ಬಾಡಿಗೆಯೂ ಎಟುಕಲಿಲ್ಲ. ಖಾಸಗಿ ಹಣವೊಂದರಿಂದಲೇ ಬಡವರ ವಸತಿ ಸಾಧ್ಯವಿಲ್ಲವೆಂಬುದು ಕ್ರಮೇಣ ಸ್ಪಷ್ಟವಾಯಿತು. 1919ರಲ್ಲಿ ಸರಕಾರದ ನೆರವಿನಿಂದ ಪೌರಸಂಸ್ಥೆಗಳು ಮನೆ ಕಟ್ಟಿಸುವ ಕಾಯಿದೆ ಇಂಗ್ಲೆಂಡಿನಲ್ಲಿ ಬಂದಿತು. ಎಕರೆಗೆ ಹನ್ನೆರಡೇ ಮನೆಗಳಿರಬೇಕು, ಪ್ರತಿ ಮನೆಗೂ ಬಿಸಿಲು ಬೀಳಬೇಕು ಎಂಬ ಅನ್ವಿನ್ನನ ತತ್ತ್ವ ಕಾರ್ಮಿಕರ ಬಡಾವಣೆಗಳಿಗೂ ವ್ಯಾಪಿಸಿತು.

ಅದೇ ವರ್ಷ, 69ರ ಇಳಿವಯಸ್ಸಿನಲ್ಲಿ, ಹೋವರ್ಡ್ ವೆಲ್ವಿನ್ ಎಂಬಲ್ಲಿ ಹರಾಜಿನಲ್ಲಿ ನೆಲ ಹಿಡಿದನು. ಮುಂಗಡ ತೆರಲು ಕೈಯಲ್ಲಿ ಸಾಕಷ್ಟು ಹಣವಿರಲಿಲ್ಲ. ಸಾಲ ತಂದು ತುಂಬಿದನು. ಅಲ್ಲಿ ಎರಡನೆಯ ಉದ್ಯಾನನಗರ ಮೈದಾಳಿತು. 1927ರಲ್ಲಿ ಆತನಿಗೆ ಸರ್ ಪದವಿ ಸಂದಿತು. 1928ರ ಮೇ 1ರಂದು, ತಾನೇ ಕಟ್ಟಿಸಿದ ಆ ಊರಿನಲ್ಲಿ ಆತ ಕಣ್ಮುಚ್ಚಿದನು.

ಲೆಚ್‌ವರ್ತ್ ನಗರದ ನೆಲ ಮುಂದೆ ಲಾಭಕೋರರ ಪಾಲಾಗುವ ಅಪಾಯ ಒದಗಿದಾಗ ಜನ ಎಚ್ಚೆತ್ತು ಹೋರಾಡಿದರು. 1962ರಲ್ಲಿ ಪಾರ್ಲಿಮೆಂಟು ವಿಶೇಷ ಕಾಯಿದೆ ಮಾಡಿ ಅದನ್ನು ಸಾರ್ವಜನಿಕ ಒಡೆತನಕ್ಕೆ ಒಪ್ಪಿಸಿತು. 1995ರಿಂದ ಒಂದು ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತಿದ್ದು, ನೆಲದ ಆದಾಯವನ್ನು ಊರಿನ ಹಿತಕ್ಕೇ ಬಳಸುತ್ತಿದೆ.

ಹೊಸ ಊರು ಎಲ್ಲಿಯೇ ಏಳಲಿ, ಅದರ ರಸ್ತೆಗಳ ಅಗಲವನ್ನೂ ಸಾಲುಮರಗಳ ಚೆಲುವನ್ನೂ ನೋಡಿ ಮೆಚ್ಚುವುದು ಸಹಜ. ಆದರೆ ಅಲ್ಲಿ ಬಡವನಿಗೆ ಸೂರು ದೊರೆಯಿತೇ, ನೆಲದ ಏಳಿಗೆಯ ಫಲ ಯಾರಿಗೆ ಸಂದಿತು ಎಂದು ಕೇಳಲು ಕಲಿಸಿದವನು ಹೋವರ್ಡ್. ಮನೆಮಾರು ನೀರಿಗೆ ಬಿಟ್ಟುಕೊಟ್ಟು ಬಂದವರ ನಾಡಿನಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ.