ರಸ್ತೆಯ ಹೆಸರಾಗಿ ಉಳಿದ ಪೈಲಟ್

ವೈಟ್‌ಫೀಲ್ಡ್‌ನಿಂದ ಹೊರಟ ನಮ್ಮ ಬಸ್ಸು ಎಚ್‌ಎಎಲ್ ಹತ್ತಿರ ನಿಂತರೆ ಬೇಗ ಕದಲುವುದಿಲ್ಲ. ಅಲ್ಲಿಂದ ಹಳೆ ಮದ್ರಾಸ್ ರಸ್ತೆಗೆ ಸೇರುವ ದಾರಿಯೇ ಸುರಂಜನ್ ದಾಸ್ ರಸ್ತೆ. ಎರಡು ವರ್ಷ ನನಗದು ಬರೀ ಟ್ರಾಫಿಕ್ ಜಾಮ್‌ನ ಹೆಸರಾಗಿತ್ತು. ಈ ಸೆಮಿಸ್ಟರ್‌ನಲ್ಲಿ ಗ್ಯಾಸ್ ಟರ್ಬೈನ್ ಓದುವಾಗ ಆ ಮನುಷ್ಯ ಯಾರೆಂದು ತಿಳಿಯಿತು.

ಸುರಂಜನ್ ದಾಸ್ ಹುಟ್ಟಿದ್ದು 1920ರಲ್ಲಿ. ತಂದೆ ಸುಧಿ ರಂಜನ್ ದಾಸ್ ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಮಗ ವಾಯುಪಡೆ ಸೇರಿ ಟೆಸ್ಟ್ ಪೈಲಟ್ ಆದರು. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಯುದ್ಧವಿಮಾನ ಎಚ್‌ಎಫ್-24 ಮಾರುತ್ ಅನ್ನು 1961ರ ಜೂನ್‌ನಲ್ಲಿ ಮೊದಲು ಹಾರಿಸಿದವರು ಅವರೇ.

ಶಬ್ದಕ್ಕಿಂತ ವೇಗವಾಗಿ ಹಾರಲೆಂದೇ ಮಾರುತ್‌ನ ವಿನ್ಯಾಸವಾಗಿತ್ತು. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಬ್ರಿಟನ್ನಿನ ಎರಡು ಆರ್ಫಿಯಸ್ 703 ಎಂಜಿನ್‌ಗಳ ಬಲ ಸಾಲುತ್ತಿರಲಿಲ್ಲ. ಆ ಕೊರತೆ ತುಂಬಲು ಮುಂದಾದದ್ದು ನಮ್ಮದೇ ಸರ್ಕಾರಿ ಸಂಶೋಧನಾ ಕೇಂದ್ರ ಜಿಟಿಆರ್‌ಇ. ಎಂಜಿನ್‌ನಿಂದ ಹೊರಬರುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಚಿಮ್ಮಿಸಿ ಉರಿಸಿ, ಹೆಚ್ಚು ನೂಕುಬಲ ಪಡೆಯುವ ರೀಹೀಟ್ ವ್ಯವಸ್ಥೆಯನ್ನು ಅದು ಸಿದ್ಧಪಡಿಸಿತು.

ಲ್ಯಾಬ್‌ನಲ್ಲಿ ಎಂಜಿನ್ ಅನ್ನು ಸ್ಟ್ಯಾಂಡ್‌ಗೆ ಬಿಗಿದು ಎಲ್ಲವನ್ನೂ ಅಳೆಯಬಹುದು. ಆದರೆ ವಿಮಾನದಲ್ಲಿ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಯಾರಾದರೂ ಹಾರಿಸಿಯೇ ನೋಡಬೇಕು. 1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ದಾಸ್ ರೀಹೀಟ್ ಅಳವಡಿಸಿದ ಮಾರುತ್ ಏರಿದರು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ವಿಮಾನ ಬಿತ್ತು. ಅವರು ಉಳಿಯಲಿಲ್ಲ. ಅದೇ ವರ್ಷ ಮರಣೋತ್ತರವಾಗಿ ಪದ್ಮಭೂಷಣ ಬಂತು.

1971ರಲ್ಲಿ ಲೋಂಗೆವಾಲಾದಲ್ಲಿ ಮಾರುತ್‌ಗಳು ಹಳೆಯ ಎಂಜಿನ್‌ಗಳೊಂದಿಗೇ ಹೋರಾಡಿದವು. ರೀಹೀಟ್ ಮಾರುತ್ ವಾಯುಪಡೆಗೆ ಸೇರಲೇ ಇಲ್ಲ. ಮುಂದೆ ಇದೇ ಜಿಟಿಆರ್‌ಇ ತೇಜಸ್‌ಗಾಗಿ ಕಾವೇರಿ ಎಂಜಿನ್ ಕೈಗೆತ್ತಿಕೊಂಡಿತು. ಆದರೂ ತೇಜಸ್ ಹಾರುತ್ತಿರುವುದು ಅಮೆರಿಕದ ಎಂಜಿನ್‌ನಲ್ಲಿ.

ಇದನ್ನು ಬರೀ ಸೋಲು ಎಂದು ನಾನು ಒಪ್ಪುವುದಿಲ್ಲ. ಎಂಜಿನ್ ಮಾಡಲು ದಶಕಗಳು ಬೇಕು. ಅಷ್ಟು ಕಾಲ ಲಾಭ ಕೇಳದೆ ಕಾಯುವ ಶಕ್ತಿ ಇರುವುದು ಸರ್ಕಾರಕ್ಕೆ. ಆ ತಾಳ್ಮೆ ಇಲ್ಲದಿದ್ದರೆ ನಮ್ಮ ವಿಮಾನ ಹಾರುವುದೋ ಬಿಡುವುದೋ ಎಂಬುದನ್ನು ಬೇರೆಯವರು ನಿರ್ಧರಿಸುತ್ತಾರೆ.

ಗೆಳೆಯರು ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್‌ಗಳಿಗೆ ರೆಸ್ಯೂಮೆ ಸಿದ್ಧಮಾಡುತ್ತಿದ್ದಾರೆ. ನಾನು ಗೇಟ್ ಪರೀಕ್ಷೆಗೆ ಓದಲು ಶುರುಮಾಡಿದ್ದೇನೆ. ಬಸ್ಸು ಆ ತಿರುವಿನಲ್ಲಿ ನಿಂತಾಗ ಈಗ ಬೈದುಕೊಳ್ಳುವುದಿಲ್ಲ.